ಕೆಟ್ಟ ಸೆಟ್ಟಿನ ಮುಂದೆ ಕುಳಿತು ಕಲಿಯುವ ವಿದ್ಯೆ

(ಬಾಗಲಕೋಟೆಯ ನವನಗರದಲ್ಲಿ, ಸಮುದಾಯ ಕಾಲೇಜಿನ ಎಲೆಕ್ಟ್ರಾನಿಕ್ಸ್ ನಿರ್ವಹಣೆ ಮತ್ತು ದುರಸ್ತಿ ಡಿಪ್ಲೊಮಾಕ್ಕೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳು ಹಾಗೂ ಅವರ ಮನೆಯವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ.)

ಹಿರಿಯರೆ, ಪೋಷಕರೆ, ಈ ವರ್ಷ ನಮ್ಮ ತರಗತಿಗೆ ಸೇರಿರುವ ವಿದ್ಯಾರ್ಥಿ ಮಿತ್ರರೆ,

ಪಾಠ ಹೇಳುವ ಕೆಲಸಕ್ಕೆ ಬರುವ ಮೊದಲು ನಾನು ಹದಿನಾಲ್ಕು ವರ್ಷ ಇದೇ ನವನಗರದಲ್ಲಿ ಟಿ.ವಿ. ರಿಪೇರಿ ಅಂಗಡಿ ನಡೆಸಿದವನು. ಆ ಅಂಗಡಿಯನ್ನು ನಮ್ಮ ತಂದೆಯವರು ಹಳೇ ಬಾಗಲಕೋಟೆಯಲ್ಲಿ ರೇಡಿಯೊ ರಿಪೇರಿಗೆಂದು ಹಾಕಿದ್ದರು. ಆಲಮಟ್ಟಿಯ ಹಿನ್ನೀರಿನ ಮುಳುಗಡೆಯಲ್ಲಿ ಓಣಿಗೆ ಓಣಿಯೇ ಎದ್ದು ಬಂದಾಗ ಒಂದು ಮರದ ಮೇಜು, ಒಂದು ಮುಳ್ಳಿನ ಮೀಟರು, ಬಿಸ್ಕತ್ತಿನ ಡಬ್ಬಿಗಳಲ್ಲಿ ವಿಂಗಡಿಸಿಟ್ಟ ಬಿಡಿಭಾಗಗಳು, ಇಷ್ಟರ ಜೊತೆಗೆ ಅದೂ ಇಲ್ಲಿಗೆ ಬಂತು. ಆ ಅಂಗಡಿಯಲ್ಲಿ ನಡೆದ ಒಂದು ಪ್ರಸಂಗವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಮುಂದೆ ನಾನು ಹೇಳಬೇಕಾದದ್ದೆಲ್ಲ ಅದರಿಂದಲೇ ಹೊರಡುತ್ತದೆ.

ಒಂದು ಮಳೆಗಾಲದ ಸಂಜೆ ಒಬ್ಬರು ತಮ್ಮ ಮನೆಯ ಟಿ.ವಿ.ಯನ್ನು ಚಾದರದಲ್ಲಿ ಸುತ್ತಿಕೊಂಡು ಬಂದರು. "ಸರ, ಮನ್ನೆ ಗಾಳಿ ಬಿಟ್ಟಾಗಿಂದ ಹತ್ತವಲ್ದು ನೋಡ್ರಿ" ಎಂದರು. ಹಿಂದಿನ ಕವಚ ಬಿಚ್ಚಿದೆ. ಫ್ಯೂಸಿನ ಗಾಜು ಒಳಗಿನಿಂದ ಕಪ್ಪಾಗಿತ್ತು. ಅದರ ಪಕ್ಕದಲ್ಲಿ ನೀಲಿ ಗುಂಡಿಯಂತೆ ಕಾಣುವ ವೇರಿಸ್ಟರ್ ಎರಡು ಹೋಳಾಗಿತ್ತು. ಎರಡನ್ನೂ ಬದಲಾಯಿಸಿದೆ. ಅರ್ಧ ಗಂಟೆಯಲ್ಲಿ ಚಿತ್ರ ಬಂತು, ಧ್ವನಿ ಬಂತು, ಅವರು ಹಣ ಕೊಟ್ಟು ಹೋದರು. ಎರಡು ದಿನ ಬಿಟ್ಟು ಅದೇ ಸೆಟ್ಟು, ಅದೇ ದೋಷ. ಅದೇ ಹೊತ್ತಿಗೆ ಬೇರೊಬ್ಬರ ಸೆಟ್‌ಟಾಪ್ ಬಾಕ್ಸು, ಮತ್ತೊಬ್ಬರ ಮೊಬೈಲ್ ಚಾರ್ಜರು. "ನಿಮ್ಮ ಮನಿ ಎಲ್ಲಿ ಬರ್ತೈತ್ರಿ?" ಎಂದು ನಾನು ಕೇಳಿದ್ದು ಆಗ. ಮೂವರದೂ ಒಂದೇ ಓಣಿ. ಮೀಟರು ಹಿಡಿದುಕೊಂಡು ಅಲ್ಲಿಗೆ ಹೋಗಿ ಸಾಕೆಟ್ಟಿನಲ್ಲಿ ನೋಡಿದರೆ 310 ವೋಲ್ಟ್. ಪಕ್ಕದ ಮನೆಯಲ್ಲಿ 160. ಯಾರೋ ನೀರಿನ ಮೋಟಾರು ಹಚ್ಚಿದ ಕೂಡಲೇ ಎರಡೂ ಅಂಕಿಗಳು ಅದಲುಬದಲಾಗುವಂತೆ ಓಡಾಡಿದವು. ಕಂಬದ ಮೇಲೆ ನ್ಯೂಟ್ರಲ್ ತಂತಿಯ ಜೋಡಣೆ ಸಡಿಲಾಗಿತ್ತು. ಲೈನ್‌ಮನ್ ಬಂದು ಅದನ್ನು ಬಿಗಿಮಾಡಿದ ಮೇಲೆ ಆ ಓಣಿಯಿಂದ ಅಂಥ ಸೆಟ್ಟು ಮತ್ತೆ ಬರಲಿಲ್ಲ.

ಇದರ ಒಳಗಿನ ಲೆಕ್ಕ ಹೀಗಿದೆ. ನಮ್ಮ ಓಣಿಗಳಿಗೆ ಬರುವುದು ಕರೆಂಟು ತರುವ ಮೂರು ಫೇಸ್ ಮತ್ತು ಅದು ಮರಳುವ ಒಂದು ನ್ಯೂಟ್ರಲ್, ಒಟ್ಟು ನಾಲ್ಕು ತಂತಿ. ಒಂದು ಫೇಸಿಗೂ ನ್ಯೂಟ್ರಲ್‌ಗೂ ನಡುವೆ ಸುಮಾರು 230 ವೋಲ್ಟ್, ಎರಡು ಫೇಸುಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ನ್ಯೂಟ್ರಲ್ ಕಡಿದರೆ ಎರಡು ಬೇರೆ ಬೇರೆ ಫೇಸಿನ ಮನೆಗಳು ಒಂದರ ಹಿಂದೊಂದು ಪೋಣಿಸಿದಂತಾಗಿ, ಆ 400 ವೋಲ್ಟನ್ನು ತಮ್ಮತಮ್ಮ ಹೊರೆಗೆ ತಕ್ಕಂತೆ ಹಂಚಿಕೊಳ್ಳುತ್ತವೆ. ಹೆಚ್ಚು ಸಾಮಾನು ನಡೆಯುತ್ತಿರುವ ಮನೆಗೆ ಕಡಿಮೆ ವೋಲ್ಟೇಜು, ಬರೀ ಒಂದು ಟಿ.ವಿ. ಹಚ್ಚಿರುವ ಮನೆಗೆ ಹೆಚ್ಚು ವೋಲ್ಟೇಜು. ಮೂರನೆಯ ಫೇಸಿನ ಮನೆಗಳೂ ಇದರಲ್ಲಿ ಸೇರುವುದರಿಂದ, ನಾನು ಕಂಡ 310 ಮತ್ತು 160ರಂತೆ, ಎರಡು ಮನೆಗಳ ಅಂಕಿ ಕೂಡಿಸಿದರೆ 400ನ್ನು ದಾಟಬಹುದು. ಮಿತಿ ಮೀರಿದ ವೋಲ್ಟೇಜು ಬಂದಾಗ ವೇರಿಸ್ಟರ್ ತಾನು ವಾಹಕವಾಗಿ ವಿದ್ಯುತ್ತನ್ನೆಲ್ಲ ತನ್ನ ಮೂಲಕ ಎಳೆದುಕೊಂಡು ಫ್ಯೂಸನ್ನು ಹಾರಿಸುತ್ತದೆ. ತಾನು ಒಡೆದು ಸೆಟ್ಟನ್ನು ಉಳಿಸುತ್ತದೆ. ಹಾಗಾಗಿ ನನ್ನ ಮೇಜಿನ ಮೇಲೆ ಒಡೆದು ಬಿದ್ದಿದ್ದ ಆ ನೀಲಿ ಗುಂಡಿಯು ತಾನು ಮಾಡಬೇಕಾದ ಕೆಲಸವನ್ನು ಪೂರ್ತಿ ಮಾಡಿತ್ತು. ಕೆಲಸ ಪೂರ್ತಿ ಮಾಡದೆ ಬಿಟ್ಟವನು ನಾನು. ಏನು ಕೆಟ್ಟಿದೆ ಎಂಬುದನ್ನು ಕಂಡಿದ್ದೆ, ಏಕೆ ಕೆಟ್ಟಿತು ಎಂಬುದನ್ನು ಕೇಳಿರಲಿಲ್ಲ. ಆ ಮೊದಲ ದಿನ ಇಸಿದುಕೊಂಡ ಹಣವನ್ನು ಅವರಿಗೆ ಮರಳಿ ಕೊಟ್ಟೆ.

ನೀವು ಇಲ್ಲಿ ಕಲಿಯಲು ಬಂದಿರುವುದು ಈ ಎರಡನೆಯ ಪ್ರಶ್ನೆಯನ್ನು ಕೇಳುವುದನ್ನು. ಬೆಸುಗೆ ಹಾಕುವುದು, ಕವಚ ಬಿಚ್ಚುವುದು, ಬಿಡಿಭಾಗ ಬದಲಾಯಿಸುವುದು, ಇವನ್ನು ಒಂದು ಚಲೋ ಅಂಗಡಿಯಲ್ಲಿ ಆರು ತಿಂಗಳು ಕುಳಿತರೆ ಕಲಿಯಬಹುದು, ಮತ್ತು ಹಾಗೆ ಕಲಿತು ಬಂದವರನ್ನು ನಾನು ತುಂಬ ಗೌರವಿಸುತ್ತೇನೆ. ಆದರೆ ಅಂಗಡಿಯಲ್ಲಿ ಗಿರಾಕಿ ಮುಂದೆ ನಿಂತಿರುತ್ತಾನೆ. ಕಾರಣ ಹುಡುಕುತ್ತ ಕೂಡಲು ಅಲ್ಲಿ ಹೊತ್ತು ಇರುವುದಿಲ್ಲ. ಒಂದು ಸೆಟ್ಟಿನ ಮುಂದೆ ಮೂರು ದಿನ ಕುಳಿತು, ಬೇಕೆಂದೇ ಅದನ್ನು ಹತ್ತು ಬಗೆಯಲ್ಲಿ ಕೆಡಿಸಿ, ಪ್ರತಿ ಬಾರಿಯೂ ಅದರ ಲಕ್ಷಣ ಹೇಗೆ ಬದಲಾಗುತ್ತದೆ ಎಂದು ನೋಡುವ ಅವಕಾಶ ಸಿಗುವುದು ಕಲಿಯುವ ಜಾಗದಲ್ಲಿ ಮಾತ್ರ.

ಸಮುದಾಯ ಕಾಲೇಜು ಎಂಬ ಹೆಸರು ನಮ್ಮ ಕಡೆಗೆ ಇನ್ನೂ ಹೊಸದು. ಪೋಷಕರಲ್ಲಿ ಹಲವರು ಪ್ರವೇಶದ ದಿನವೇ ಅದೇನೆಂದು ಕೇಳಿದರು. ಊರಿನ ಜನರಿಗೆ, ವಯಸ್ಸು ನೋಡದೆ, ಕಸುಬಿನ ಜೊತೆಗೆ ಓದನ್ನೂ ಕಲಿಸುವ ಕಾಲೇಜು ಅದು. ಅಮೆರಿಕದ ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ 1901ರಲ್ಲಿ ಆರಂಭವಾದ ಎರಡು ವರ್ಷದ ಕಾಲೇಜನ್ನು ಈ ಬಗೆಯ ಸಂಸ್ಥೆಗಳಲ್ಲಿ ಮೊದಲನೆಯದೆಂದು ಎಣಿಸುತ್ತಾರೆ. ಅಲ್ಲಿನ ಅಧ್ಯಕ್ಷ ಟ್ರೂಮನ್ ನೇಮಿಸಿದ ಉನ್ನತ ಶಿಕ್ಷಣ ಆಯೋಗವು 1947ರಲ್ಲಿ, ಊರೂರಿಗೂ ಇಂಥ ಕಾಲೇಜು ಬೇಕೆಂದು ಹೇಳಿ ಈ ಹೆಸರನ್ನು ಬಳಕೆಗೆ ತಂದಿತು. ಭಾರತದಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯವು 1995ರಲ್ಲಿ ದಾರಿ ತೋರಿತು. ಕೌಶಲ ಕೋರ್ಸುಗಳ ಮಟ್ಟಗಳನ್ನು ಗೊತ್ತುಮಾಡುವ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು 2013ರ ಡಿಸೆಂಬರಿನಲ್ಲಿ ಅಧಿಸೂಚನೆಯಾಗಿ ಹೊರಬಂತು, ಅದೇ ಸುಮಾರಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗವೂ ಈ ಯೋಜನೆಯನ್ನು ಕೈಗೆತ್ತಿಕೊಂಡಿತು. ಆ ಯೋಜನೆಯಲ್ಲಿ ಒಂದು ವರ್ಷದ ಡಿಪ್ಲೊಮಾಕ್ಕೆ 60 ಕ್ರೆಡಿಟ್, ಅಂದರೆ ಕಲಿಕೆಯ ಅಳತೆಯ 60 ಪಾಲು, ಗೊತ್ತುಮಾಡಿದರು. ಅದರಲ್ಲಿ 36 ಕೌಶಲಕ್ಕೆ, 24 ಸಾಮಾನ್ಯ ಶಿಕ್ಷಣಕ್ಕೆ. ಅಂದರೆ ನೂರಕ್ಕೆ ಅರವತ್ತು ಪಾಲು ಮೇಜಿನ ಮುಂದೆ, ನಲವತ್ತು ಪಾಲು ಪುಸ್ತಕದ ಮುಂದೆ. ಈ ನಲವತ್ತನ್ನು ಕಾಟಾಚಾರವೆಂದು ದಯವಿಟ್ಟು ತಿಳಿಯಬೇಡಿ. ಗಿರಾಕಿಗೆ ದೋಷವನ್ನು ವಿವರಿಸಿ ಹೇಳುವುದು, ಅಂದಾಜು ಪಟ್ಟಿ ಬರೆಯುವುದು, ಬಿಡಿಭಾಗದ ವಿವರಪಟ್ಟಿಯಾದ ಡೇಟಾಶೀಟ್ ಓದುವುದು, ಎಲ್ಲವೂ ಅದರಲ್ಲೇ ಇವೆ.

ಐಟಿಐಯ ಎಲೆಕ್ಟ್ರಾನಿಕ್ ಮೆಕ್ಯಾನಿಕ್ ತರಬೇತಿ ಎರಡು ವರ್ಷದ್ದು, ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷದ್ದು. ಎರಡೂ ಒಳ್ಳೆಯ ದಾರಿಗಳೇ. ಆದರೆ ಅವು ಬಹುಮಟ್ಟಿಗೆ ಆಗತಾನೆ ಶಾಲೆ ಮುಗಿಸಿದ ಹುಡುಗರಿಗೆ ಹೊಂದುತ್ತವೆ. ಈ ಸಭಾಂಗಣದಲ್ಲಿ ಕುಳಿತವರನ್ನೇ ನೋಡಿ. ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗೆ ಹೋಗಿ ಉಳಿದ ದಿನ ಖಾಲಿ ಇರುವವರಿದ್ದಾರೆ, ರಬಕವಿ-ಬನಹಟ್ಟಿಯಲ್ಲಿ ಮಗ್ಗ ನಡೆಸುವವರ ಮಕ್ಕಳಿದ್ದಾರೆ, ಹತ್ತು ವರ್ಷದ ಹಿಂದೆ ಓದು ಬಿಟ್ಟು ಈಗ ಮಗುವನ್ನು ಅತ್ತೆಯ ಕೈಗೆ ಕೊಟ್ಟು ಬಂದಿರುವ ತಾಯಂದಿರಿದ್ದಾರೆ. ಇವರೆಲ್ಲರನ್ನೂ ಒಂದೇ ಬೆಂಚಿನಲ್ಲಿ ಕೂಡಿಸಲು ಬಂದರೆ ಮಾತ್ರ ಅದು ಸಮುದಾಯದ ಕಾಲೇಜು.

ಮೊದಲ ತಿಂಗಳು ನಾವು ಏನನ್ನೂ ದುರಸ್ತಿ ಮಾಡುವುದಿಲ್ಲ. ಕೆಲವರಿಗೆ ಇದರಿಂದ ಬೇಸರವಾಗುತ್ತದೆ ಎಂದು ಗೊತ್ತಿದೆ. ಆದರೂ ಮೊದಲ ತಿಂಗಳು ಬದುಕಿ ಉಳಿಯುವುದನ್ನು ಕಲಿಯಬೇಕು. ಇಂದಿನ ಟಿ.ವಿ., ಚಾರ್ಜರು, ಅನೇಕ ಎಲ್‌ಇಡಿ ದೀಪ, ಇವುಗಳಲ್ಲಿ ಇರುವುದು ಸ್ವಿಚಿಂಗ್ ಪವರ್ ಸಪ್ಲೈ, ಅಂದರೆ ಗೋಡೆಯ ಕರೆಂಟನ್ನು ಸೆಟ್ಟಿಗೆ ಬೇಕಾದ ವೋಲ್ಟೇಜಿಗೆ ತರುವ ಭಾಗ. ಗೋಡೆಯಿಂದ ಬಂದ 230 ವೋಲ್ಟ್ ಎ.ಸಿ.ಯನ್ನು ಅದು ಮೊದಲು ನೇರವಾಗಿ ಡಿ.ಸಿ. ಮಾಡುತ್ತದೆ, ಮತ್ತು ಆ ಡಿ.ಸಿ. ಸುಮಾರು 325 ವೋಲ್ಟ್ ಇರುತ್ತದೆ, ಏಕೆಂದರೆ 230 ಎಂಬುದು ಎ.ಸಿ.ಯ ಪರಿಣಾಮಕಾರಿ ಮೌಲ್ಯ, ಅದರ ತುದಿ ಇರುವುದು 325ರಲ್ಲಿ. ಈ ವೋಲ್ಟೇಜನ್ನು ಹಿಡಿದಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರು ಪ್ಲಗ್ ತೆಗೆದ ಮೇಲೂ ತುಂಬಿಕೊಂಡೇ ಇರಬಹುದು. ಸೆಟ್ಟು ಕೆಟ್ಟಿದ್ದಾಗಲಂತೂ ಅದನ್ನು ಬರಿದು ಮಾಡುವ ದಾರಿಯೇ ಕೆಟ್ಟಿರುವ ಸಾಧ್ಯತೆ ಉಂಟು, ಆದ್ದರಿಂದ ಕೆಟ್ಟ ಸೆಟ್ಟು ಸರಿಯಿರುವ ಸೆಟ್ಟಿಗಿಂತ ಅಪಾಯಕಾರಿ. ಅಂಗಡಿಗಳಲ್ಲಿ ಸ್ಕ್ರೂಡ್ರೈವರಿನ ತುದಿಯಿಂದ ಎರಡೂ ಕಾಲುಗಳನ್ನು ತಾಗಿಸಿ ಚಟ್ ಎನ್ನಿಸುವ ರೂಢಿ ಇದೆ. ನಮ್ಮ ಪ್ರಯೋಗಶಾಲೆಯಲ್ಲಿ ಅದಕ್ಕೆ ಅವಕಾಶವಿಲ್ಲ. ಆ ಕಿಡಿಯಿಂದ ತಾಮ್ರದ ಗೆರೆ ಸುಟ್ಟುಹೋಗುತ್ತದೆ, ಕಣ್ಣಿಗೂ ಅಪಾಯ. 1 ಕಿಲೋ ಓಮಿನ, 10 ವ್ಯಾಟಿನ ರೆಸಿಸ್ಟರಿಗೆ ಎರಡು ತಂತಿ ಕಟ್ಟಿ, ಹಿಡಿಕೆಗೆ ಚೆನ್ನಾಗಿ ಸ್ಲೀವ್ ಹಾಕಿ, ಅದನ್ನು ಮೂರು ಸೆಕೆಂಡು ತಾಗಿಸಿ ಹಿಡಿಯಬೇಕು. 220 ಮೈಕ್ರೊಫ್ಯಾರಡ್ ಕೆಪಾಸಿಟರಾದರೆ ಒಂದು ಸೆಕೆಂಡು ದಾಟುವುದರೊಳಗೆ ಬಹುಪಾಲು ಖಾಲಿಯಾಗಿರುತ್ತದೆ. ಆಮೇಲೆ ಮೀಟರಿನಲ್ಲಿ ನೋಡಬೇಕು, ನೋಡಿದ ಮೇಲೆ ಮುಟ್ಟಬೇಕು. ಈ ಅನುಕ್ರಮವನ್ನು ತಪ್ಪಿದವರನ್ನು, ಅವರು ಎಷ್ಟೇ ಜಾಣರಿದ್ದರೂ, ಆ ದಿನ ಮೇಜಿನಿಂದ ಎಬ್ಬಿಸುತ್ತೇವೆ.

ಇನ್ನೊಂದು ಉಪಕರಣವನ್ನು ನೀವೇ ಮೊದಲ ವಾರದಲ್ಲಿ ಮಾಡಿಕೊಳ್ಳುತ್ತೀರಿ, ಅದು ಸೀರೀಸ್ ಬೋರ್ಡು. ಒಂದು ಹೋಲ್ಡರು, ಒಂದು ಸಾಕೆಟ್ಟು, 100 ವ್ಯಾಟಿನ ಹಳೇ ಕಾಲದ ತಂತಿಯ ಬಲ್ಬು, ಕರೆಂಟು ಆ ಬಲ್ಬಿನ ಮೂಲಕವೇ ಸಾಕೆಟ್ಟಿಗೆ ಹೋಗುವಂತೆ. ದುರಸ್ತಿಯಾದ ಸೆಟ್ಟನ್ನು ನೇರವಾಗಿ ಗೋಡೆಗೆ ಹಚ್ಚದೆ ಮೊದಲು ಇದರ ಮೂಲಕ ಹಚ್ಚುತ್ತೇವೆ. ಬಲ್ಬು ಒಮ್ಮೆ ಮಿಂಚಿ ಮಂದವಾದರೆ ದೊಡ್ಡ ಕೆಪಾಸಿಟರು ತುಂಬಿಕೊಂಡಿತು, ಮುಂದೆ ಶಾರ್ಟ್ ಇಲ್ಲ ಎಂದು ಅರ್ಥ. ಮಿಂಚಿ ಹಾಗೆಯೇ ಪೂರ್ತಿ ಉರಿಯುತ್ತ ನಿಂತರೆ ಎಲ್ಲೋ ಶಾರ್ಟ್ ಇದೆ. ನೇರವಾಗಿ ಹಚ್ಚಿದ್ದರೆ ನೀವು ಈಗಷ್ಟೇ ಹಾಕಿದ ಹೊಸ ಟ್ರಾನ್ಸಿಸ್ಟರು ಹಾರಿಹೋಗುತ್ತಿತ್ತು. ಇಂಡಕ್ಷನ್ ಒಲೆಯ ಸುರುಳಿಗೆ ಕರೆಂಟನ್ನು ವೇಗವಾಗಿ ಕೊಟ್ಟು ನಿಲ್ಲಿಸುವ ಐಜಿಬಿಟಿ ಎಂಬ ಬಿಡಿಭಾಗವನ್ನು ಬದಲಾಯಿಸಿದ ಕೂಡಲೇ ಗೋಡೆಗೆ ಹಚ್ಚಿ, ಅದನ್ನು ನಡೆಸುವ ಡ್ರೈವರ್ ಭಾಗವನ್ನು ನೋಡದೆ ಬಿಟ್ಟಿದ್ದಕ್ಕೆ ಎರಡನೆಯ ಐಜಿಬಿಟಿಯನ್ನೂ ಕಳೆದುಕೊಂಡವರು ನಮ್ಮ ಕಸುಬಿನಲ್ಲಿ ಬಹಳ. ಅಂಥ ಬಲ್ಬುಗಳು ಈಗ ಪೇಟೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲವಾದ್ದರಿಂದ ಕಾಲೇಜು ಒಂದು ಪೆಟ್ಟಿಗೆಯಷ್ಟು ತಂದಿಟ್ಟಿದೆ.

ಈಗ ಕಾರಣ ಹುಡುಕುವ ಕ್ರಮವನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಟಿ.ವಿ.ಯಲ್ಲಿ ಧ್ವನಿ ಬರುತ್ತದೆ, ಚಿತ್ರ ಬರುವುದಿಲ್ಲ. ಗಿರಾಕಿ "ಪರದೇನ ಹೋಗೇತಿ" ಎನ್ನುತ್ತಾರೆ, ಹೊಸ ಪರದೆಯ ಬೆಲೆಯನ್ನು ನೆನೆದು ಅವರ ಮುಖ ಬಾಡಿರುತ್ತದೆ. ನಾವು ಕೋಣೆಯ ದೀಪ ಆರಿಸಿ, ಒಂದು ಟಾರ್ಚಿನ ಬೆಳಕನ್ನು ಪರದೆಗೆ ಓರೆಯಾಗಿ ಹತ್ತಿರ ಹಿಡಿದು ನೋಡುತ್ತೇವೆ. ಬೆಳಕು ಬಿದ್ದ ಅಷ್ಟೇ ಜಾಗದಲ್ಲಿ ಮಸುಕಾಗಿ, ನೀರಿನ ತಳದಲ್ಲಿ ಕಂಡಂತೆ, ಮನುಷ್ಯರು ಓಡಾಡುವುದು ಕಂಡರೆ ಪರದೆ ಸರಿಯಾಗಿದೆ, ಮುಖ್ಯ ಬೋರ್ಡೂ ಸರಿಯಾಗಿದೆ. ಹಿಂದಿನ ಬೆಳಕು ಮಾತ್ರ ಹೋಗಿದೆ. ಒಂದು ಟಾರ್ಚು, ಹತ್ತು ಸೆಕೆಂಡು, ಅರ್ಧ ಸೆಟ್ಟನ್ನು ಅನುಮಾನದಿಂದ ಹೊರಗೆ ಹಾಕಿದ್ದಾಯಿತು. ಹಿಂದಿನ ಬೆಳಕಿನಲ್ಲಿ ಎಲ್‌ಇಡಿಗಳು ಸರದ ಮಣಿಗಳಂತೆ ಒಂದರ ಹಿಂದೊಂದು ಇರುತ್ತವೆ. 24 ಎಲ್‌ಇಡಿ, ತಲಾ 3 ವೋಲ್ಟ್ ಎಂದು ಹಿಡಿದರೆ ಇಡೀ ಸರಕ್ಕೆ 72 ವೋಲ್ಟ್ ಬೇಕು. ಅದರಲ್ಲಿ ಒಂದೇ ಒಂದು ಕಡಿದರೂ ಸರದಲ್ಲಿ ಕರೆಂಟು ಹರಿಯುವುದಿಲ್ಲ, ಇಪ್ಪತ್ಮೂರು ಒಳ್ಳೆಯವು ಅದರ ಜೊತೆಗೆ ಕತ್ತಲಾಗುತ್ತವೆ.

ಇಲ್ಲಿಗೆ ಏನು ಕೆಟ್ಟಿದೆ ಎಂಬುದು ಸಿಕ್ಕಿತು. ಏಕೆ ಎಂಬುದಕ್ಕೆ ಮನೆಯ ಅಭ್ಯಾಸವನ್ನು ಕೇಳಬೇಕು. ಬೆಳಕಿನ ಮಟ್ಟವನ್ನು ನೂರಕ್ಕೆ ನೂರು ಇಟ್ಟು ದಿನಕ್ಕೆ ಹತ್ತು ತಾಸು ನಡೆಸಿದ್ದರೆ ಎಲ್‌ಇಡಿ ಬಿಸಿಯಿಂದಲೇ ಸತ್ತಿದೆ. ಒಂದನ್ನು ಬದಲಾಯಿಸಿ ಕೊಟ್ಟರೆ ಅದರಷ್ಟೇ ದಣಿದಿರುವ ಪಕ್ಕದ್ದು ಬೇಗನೆ ಹೋಗುತ್ತದೆ. ಆಗ ಇಡೀ ಪಟ್ಟಿಯನ್ನೇ ಬದಲಾಯಿಸುವ ಖರ್ಚು, ಒಂದನ್ನೇ ಬದಲಾಯಿಸುವ ಖರ್ಚು, ಎರಡನ್ನೂ ಗಿರಾಕಿಯ ಮುಂದಿಟ್ಟು ಅವರೇ ನಿರ್ಧರಿಸಲು ಬಿಡಬೇಕು, ಮತ್ತು ಸೆಟ್ಟು ಕೊಡುವಾಗ ಬೆಳಕಿನ ಮಟ್ಟವನ್ನು ಇಳಿಸಿ ಕೊಟ್ಟು ಏಕೆಂದು ಹೇಳಬೇಕು. ಹೀಗೆ ಹೇಳಿ ಕಳಿಸಿದ ಗಿರಾಕಿ ಮೂರು ವರ್ಷ ಮರಳಿ ಬರದಿದ್ದರೂ ತಮ್ಮ ಬೀಗರನ್ನು ನಿಮ್ಮ ಅಂಗಡಿಗೆ ಕಳಿಸುತ್ತಾರೆ.

ನಮ್ಮ ಜಿಲ್ಲೆಯಲ್ಲಿ "ಏಕೆ" ಎಂಬ ಪ್ರಶ್ನೆಗೆ ಬಹಳ ಸಲ ಸಿಗುವ ಉತ್ತರ ಬಿಸಿಲು. ಇದನ್ನು ನಾನು ಪ್ರತಿ ವರ್ಷ ಕರಿಹಲಗೆಯ ಮೇಲೆ ಲೆಕ್ಕ ಮಾಡಿಸುತ್ತೇನೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಒಳಗೆ ದ್ರವವಿರುತ್ತದೆ, ಅದು ಬಿಸಿಗೆ ನಿಧಾನವಾಗಿ ಒಣಗುತ್ತದೆ. ಉಷ್ಣತೆ ಪ್ರತಿ 10 ಡಿಗ್ರಿ ಇಳಿದಂತೆ ಅದರ ಆಯುಷ್ಯ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ಕಸುಬಿನಲ್ಲಿ ಎಲ್ಲರೂ ಬಳಸುವ ಅಂದಾಜು. ಮೈಮೇಲೆ 105 ಡಿಗ್ರಿ ಎಂದು ಅಚ್ಚಾಗಿರುವ, ಆ ಬಿಸಿಯಲ್ಲಿ 2000 ಗಂಟೆ ಬಾಳುವ ಕೆಪಾಸಿಟರನ್ನು ತೆಗೆದುಕೊಳ್ಳಿ. ಏಪ್ರಿಲ್ ತಿಂಗಳಲ್ಲಿ ಹೊರಗೆ 40 ಡಿಗ್ರಿ ಇದ್ದಾಗ ಮುಚ್ಚಿದ ಸೆಟ್‌ಟಾಪ್ ಬಾಕ್ಸಿನೊಳಗೆ 65 ಡಿಗ್ರಿ ಎಂದು ಹಿಡಿದರೆ, ನಾಲ್ಕು ಹತ್ತುಗಳ ಅಂತರ, ಹದಿನಾರು ಪಟ್ಟು, 32,000 ಗಂಟೆ. ಎಡೆಬಿಡದೆ ನಡೆದರೆ ಮೂರೂವರೆ ವರ್ಷದ ಮೇಲೆ. ಅದೇ ಜಾಗಕ್ಕೆ ನಾಲ್ಕು ರೂಪಾಯಿ ಉಳಿಯುತ್ತದೆಂದು ಅಷ್ಟೇ ಗಂಟೆಯ 85 ಡಿಗ್ರಿಯದನ್ನು ಹಾಕಿದರೆ ಎರಡೇ ಹತ್ತುಗಳ ಅಂತರ, 8000 ಗಂಟೆ, ಹನ್ನೊಂದು ತಿಂಗಳು. ಗಿರಾಕಿ ಮರುವರ್ಷದ ಬಿಸಿಲಿಗೆ ಸರಿಯಾಗಿ ಅದೇ ಸೆಟ್ಟನ್ನು ಹಿಡಿದು ಬಂದು ನಿಲ್ಲುತ್ತಾರೆ. ಕೆಪಾಸಿಟರಿನ ತಲೆ ಉಬ್ಬಿದ್ದರೆ ಕಣ್ಣಿಗೇ ಕಾಣುತ್ತದೆ. ಉಬ್ಬದೆಯೂ ಕೆಡುವುದುಂಟು: ಸಾದಾ ಮೀಟರಿನಲ್ಲಿ ಅಳತೆ ಸರಿಯಾಗಿ ತೋರಿಸುತ್ತ, ಒಳಗಿನ ರೋಧ ಮಾತ್ರ ಏರಿ, ಸೆಟ್ಟು ಆನ್ ಆಗಿ ಆಫ್ ಆಗುತ್ತಿರುತ್ತದೆ. ಅದಕ್ಕೆ ಆ ಒಳರೋಧವನ್ನು ಅಳೆಯುವ ಇಎಸ್‌ಆರ್ ಮೀಟರು ಬೇಕು, ನಮ್ಮಲ್ಲಿ ಎರಡು ಇವೆ.

ಬಿಸಿಲು ಇನ್ನೊಂದು ಬಗೆಯಲ್ಲೂ ಕೆಲಸ ಮಾಡುತ್ತದೆ. ಹಗಲು ಕಾದು ರಾತ್ರಿ ತಣಿಯುವ ಬೋರ್ಡಿನಲ್ಲಿ, ಟ್ರಾನ್ಸ್‌ಫಾರ್ಮರಿನಂಥ ಭಾರವಾದ ಬಿಡಿಭಾಗದ ಕಾಲಿನ ಸುತ್ತ ಬೆಸುಗೆ ಉಂಗುರದಂತೆ ಬಿರುಕು ಬಿಡುತ್ತದೆ. ಅದಕ್ಕೆ ಡ್ರೈ ಸೋಲ್ಡರ್ ಎನ್ನುತ್ತೇವೆ. ಎರಡು ವರ್ಷದ ಹಿಂದೆ ನಮ್ಮಲ್ಲಿ ಕಲಿಯುತ್ತಿದ್ದ ಒಬ್ಬ ತಾಯಿ, ಮನೆಯಲ್ಲಿ ಹೊಲಿಗೆ ಮಾಡಿ ಸಂಸಾರ ತೂಗಿಸುತ್ತಿದ್ದವರು, ನಾವೆಲ್ಲ ಎರಡು ದಿನ ನೋಡಿ ಬಿಟ್ಟಿದ್ದ ಒಂದು ಇನ್ವರ್ಟರ್ ಬೋರ್ಡನ್ನು ಕಿಟಕಿಯ ಹತ್ತಿರ ಒಯ್ದು, ಬೆಳಕಿಗೆ ಓರೆ ಮಾಡಿ ಒಂದೊಂದೇ ಬಿಂದುವನ್ನು ನೋಡುತ್ತ ಹೋಗಿ, ರಿಲೇ ಎಂಬ ಬಿಡಿಭಾಗದ ಒಂದು ಕಾಲಿನ ಮೇಲೆ ಬೆರಳಿಟ್ಟರು. ಭೂತಗನ್ನಡಿಯಲ್ಲಿ ನೋಡಿದರೆ ಕೂದಲೆಳೆಯ ಬಿರುಕು. ಹೇಗೆ ಸಿಕ್ಕಿತೆಂದು ಕೇಳಿದ್ದಕ್ಕೆ, "ಸರ, ಹೊಲಿಗ್ಯಾಗ ಎಳಿ ಎಲ್ಲಿ ಬಿಟ್ಟೈತಿ ಅಂತ ನೋಡಿದಂಗ ನೋಡೇನ್ರಿ" ಎಂದರು. ನೀವು ಇಲ್ಲಿಗೆ ಬರಿಗೈಯಲ್ಲಿ ಬಂದಿಲ್ಲ. ಮಗ್ಗ, ಹೊಲಿಗೆ, ಪಂಪ್‌ಸೆಟ್ಟು, ಟ್ರ್ಯಾಕ್ಟರು, ಯಾವ ಕೆಲಸದಲ್ಲಿ ಪಳಗಿದ ಕೈಯಾದರೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಆ ಬಿರುಕನ್ನು ಮುಚ್ಚಲು ತವರ 63, ಸೀಸ 37 ಪಾಲಿನ ಬೆಸುಗೆ ಬಳಸುತ್ತೇವೆ. ಅದು 183 ಡಿಗ್ರಿಗೆ ಕರಗುತ್ತದೆ. ಸೀಸವಿಲ್ಲದ ಬೆಸುಗೆಗೆ ಸುಮಾರು 217 ಡಿಗ್ರಿ ಬೇಕು. ಸೀಸ ಮುಟ್ಟಿದ ಕೈಯನ್ನು ತೊಳೆಯದೆ ರೊಟ್ಟಿ ಬುತ್ತಿ ಬಿಚ್ಚಬಾರದು, ಹೊಗೆಯನ್ನು ಎಳೆಯುವ ಫ್ಯಾನು ಹಾಕದೆ ಬೆಸುಗೆಗೆ ಕೂಡಬಾರದು.

ಭಾಷೆಯ ಮಾತಿಗೆ ಬರುತ್ತೇನೆ, ಏಕೆಂದರೆ ಇದರಿಂದಲೇ ಹಲವರು ಹಿಂಜರಿಯುತ್ತಾರೆ. ಡೇಟಾಶೀಟುಗಳು ಇಂಗ್ಲಿಷಿನಲ್ಲಿವೆ, ಸರ್ಕ್ಯೂಟ್ ನಕ್ಷೆಯ ಮೇಲಿನ ಹೆಸರುಗಳೂ ಇಂಗ್ಲಿಷಿನಲ್ಲಿವೆ. ಆದರೆ ಒಂದು ಡೇಟಾಶೀಟಿನಲ್ಲಿ ರಿಪೇರಿಯವನಿಗೆ ನಿತ್ಯ ಬೇಕಾಗುವ ಪದಗಳು ನೂರನ್ನು ದಾಟುವುದಿಲ್ಲ. ಅವುಗಳನ್ನು ಕನ್ನಡ ಲಿಪಿಯಲ್ಲಿ ಬರೆದು, ಅರ್ಥವನ್ನು ಕನ್ನಡದಲ್ಲೇ ವಿವರಿಸಿದ ಒಂದು ಕೈಪಿಡಿಯನ್ನು ನಾವು ತರಗತಿಗಾಗಿ ಸಿದ್ಧಮಾಡಿದ್ದೇವೆ. ಯೋಚನೆ ಮಾತ್ರ ಕನ್ನಡದಲ್ಲೇ ನಡೆಯಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. "ಇಲ್ಲಿ ಹನ್ನೆರಡು ಬರಬೇಕಿತ್ತು, ಏಳು ಬರ್ತಾ ಐತಿ, ಹಂಗಂದ್ರ ಹಿಂದಿನದು ದುರ್ಬಲ ಐತೋ, ಮುಂದಿನದು ಎಳೀತಾ ಐತೋ" ಎಂದು ತನ್ನ ಮಾತಿನಲ್ಲಿ ತರ್ಕಿಸಬಲ್ಲ ವಿದ್ಯಾರ್ಥಿಗೆ ದೋಷ ಸಿಕ್ಕೇ ಸಿಗುತ್ತದೆ. ಇಂಗ್ಲಿಷಿನ ವಾಕ್ಯವನ್ನು ಬಾಯಿಪಾಠ ಮಾಡಿದವನು ಅಂಕ ಪಡೆಯಬಹುದು, ಬೋರ್ಡಿನ ಮುಂದೆ ತಡವರಿಸುತ್ತಾನೆ.

ಪೋಷಕರು ಕೇಳುವ ಪ್ರಶ್ನೆ ಒಂದೇ: ಇದರಿಂದ ಹೊಟ್ಟೆ ತುಂಬುತ್ತದೆಯೇ? ಕಾಲೇಜಿನಿಂದ ನೌಕರಿಯ ಭರವಸೆ ಕೊಡುವ ಮಾತನ್ನು ನಾನು ಆಡಲಾರೆ. ಕೆಲಸ ಎಲ್ಲಿದೆ ಎಂಬುದನ್ನು ತೋರಿಸಬಲ್ಲೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ದಂಡೆಯುದ್ದಕ್ಕೂ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಗಳಿವೆ, ಅವುಗಳಲ್ಲಿ ಒಂದು ಫೇಸು ಹೋದಾಗ ಮೋಟಾರನ್ನು ನಿಲ್ಲಿಸುವ ಎಲೆಕ್ಟ್ರಾನಿಕ್ ಕಾರ್ಡು ಇರುತ್ತದೆ. ಬೆಳೆ ಒಣಗುತ್ತಿರುವಾಗ ಆ ಕಾರ್ಡನ್ನು ತಪ್ಪಿಸಿ ನೇರ ತಂತಿ ಕೊಡು ಎಂದು ರೈತರು ಒತ್ತಾಯಿಸುತ್ತಾರೆ. ಅವರ ಸಂಕಟ ನಿಜವಾದದ್ದೇ. ಆದರೂ ಕೊಡಬಾರದು. ಎರಡೇ ಫೇಸಿನಲ್ಲಿ ಓಡುವ ಮೋಟಾರು ಉಳಿದೆರಡರಿಂದ ವಿಪರೀತ ಕರೆಂಟು ಎಳೆದು ಸುರುಳಿ ಸುಟ್ಟುಕೊಳ್ಳುತ್ತದೆ, ಮತ್ತು ಅದನ್ನು ಮತ್ತೆ ಸುತ್ತಿಸುವ ಖರ್ಚು ಕಾರ್ಡಿನ ಖರ್ಚಿನ ಎಷ್ಟೋ ಪಟ್ಟು. ಮನೆಗಳಲ್ಲಿ ಇನ್ವರ್ಟರು, ವಾಷಿಂಗ್ ಮಷಿನ್ನು, ಎಲೆಕ್ಟ್ರಾನಿಕ್ ಕಾರ್ಡಿನಿಂದ ನಡೆಯುವ ಬಿಎಲ್‌ಡಿಸಿ ಫ್ಯಾನು. ಊರಹೊರಗೆ ಸೋಲಾರ್ ಪಂಪು. ಮಗ್ಗದ ಊರುಗಳಲ್ಲಿ ಮೋಟಾರಿನ ನಿಯಂತ್ರಣ ಪೆಟ್ಟಿಗೆಗಳು. ಇವುಗಳ ಬೋರ್ಡು ಕೆಟ್ಟರೆ ಇಂದು ಬಹುಪಾಲು ಹೊಸ ಬೋರ್ಡನ್ನೇ ಹಾಕುತ್ತಾರೆ, ಹಳೆಯದು ಗುಜರಿಗೆ ಹೋಗುತ್ತದೆ. ಆ ಹಳೇ ಬೋರ್ಡಿನಲ್ಲಿ ಎಷ್ಟೋ ಸಲ ಹತ್ತು ರೂಪಾಯಿಯ ಒಂದು ಬಿಡಿಭಾಗವಷ್ಟೇ ಸತ್ತಿರುತ್ತದೆ.

ಕಾಯಿದೆಯೂ ನಿಧಾನವಾಗಿ ನಮ್ಮ ಕಡೆಗೆ ತಿರುಗುತ್ತಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿಗಾಗಿ ಒಂದು ಸಮಿತಿ ಮಾಡಿ, ಅದೇ ವರ್ಷದ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ಅದರ ಪೋರ್ಟಲ್ಲನ್ನು ತೆರೆಯಿತು. ಕೃಷಿ ಸಲಕರಣೆ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ, ಈ ನಾಲ್ಕು ಕ್ಷೇತ್ರಗಳು ಅದರಲ್ಲಿವೆ. ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ತಾಮ್ರಕ್ಕಾಗಿ ವೈರು ಸುಡುವುದನ್ನು ನಮ್ಮ ಊರಿನ ಅಂಚುಗಳಲ್ಲಿ ಈಗಲೂ ನೋಡುತ್ತೇವೆ. ಆ ಹೊಗೆಯಲ್ಲಿ ನಿಂತಿರುವ ಮಕ್ಕಳನ್ನು ನೋಡಿದಾಗ ನನಗೆ ಸುಮ್ಮನೆ ಹಾದುಹೋಗಲು ಆಗುವುದಿಲ್ಲ. ನಿಮ್ಮ ಮೇಜಿನಿಂದ ಹೊರಬೀಳುವ ಒಂದು ಬೋರ್ಡೂ ಆ ಬೆಂಕಿಗೆ ಹೋಗಬಾರದು.

ನಮ್ಮಲ್ಲಿ ಪ್ರತಿ ಸೆಟ್ಟಿಗೂ ಒಂದು ಜಾಬ್ ಕಾರ್ಡು ಇರುತ್ತದೆ. ಗಿರಾಕಿ ಹೇಳಿದ್ದು ಅವರದೇ ಮಾತಿನಲ್ಲಿ, ನಾವು ಅಳೆದದ್ದು ಅಂಕಿಯಲ್ಲಿ, ಏನು ಕೆಟ್ಟಿತ್ತು, ಏಕೆ ಕೆಟ್ಟಿತ್ತು, ಏನು ಹಾಕಿದೆವು. ತೆಗೆದ ಬಿಡಿಭಾಗವನ್ನು ಚೀಟಿಯ ಜೊತೆ ಗಿರಾಕಿಗೆ ಮರಳಿಸಬೇಕು. "ಏಕೆ" ಎಂಬ ಅಂಕಣವನ್ನು ಖಾಲಿ ಬಿಟ್ಟ ಕಾರ್ಡಿಗೆ, ಸೆಟ್ಟು ಎಷ್ಟೇ ಚಲೋ ನಡೆಯುತ್ತಿದ್ದರೂ, ನಾನು ಸಹಿ ಹಾಕುವುದಿಲ್ಲ.

ನಾಳೆ ಬೆಳಿಗ್ಗೆ ಹತ್ತಕ್ಕೆ ಮೊದಲ ತರಗತಿ. ಬರುವಾಗ ಪ್ರತಿಯೊಬ್ಬರೂ ಮನೆಯಲ್ಲಿ ಕೆಟ್ಟು ಬಿದ್ದಿರುವ ಒಂದು ಎಲ್‌ಇಡಿ ಬಲ್ಬು ತನ್ನಿ. ಮೇಲಿನ ಬಿಳಿ ಬುರುಡೆಯನ್ನು ತೆಗೆದರೆ ಅಲ್ಯೂಮಿನಿಯಂ ತಟ್ಟೆಯ ಮೇಲೆ ಹಳದಿ ಚುಕ್ಕೆಗಳ ಸಾಲು ಕಾಣುತ್ತದೆ, ಬಹುಶಃ ಅವುಗಳಲ್ಲಿ ಒಂದರ ನಡುವೆ ಸಾಸಿವೆಗಿಂತ ಸಣ್ಣ ಕರಿ ಕಲೆ ಇರುತ್ತದೆ. ಮನೆಯಲ್ಲಿ ನೀವೇ ಅದನ್ನು ಬಿಚ್ಚಿ ಹೋಲ್ಡರಿಗೆ ಹಾಕಿ ನೋಡಬೇಡಿ, ಅನೇಕ ಬಲ್ಬುಗಳಲ್ಲಿ ಆ ತಟ್ಟೆಯ ಮೇಲಿನ ಬಿಂದುಗಳಿಗೂ ಗೋಡೆಯ ಕರೆಂಟಿಗೂ ನಡುವೆ ಯಾವ ತಡೆಯೂ ಇರುವುದಿಲ್ಲ. ಬಲ್ಬಿನ ಜೊತೆಗೆ ಒಂದು ಕಾಗದವೂ ಇರಲಿ: ಯಾವ ಕೋಣೆಯಲ್ಲಿತ್ತು, ತಲೆ ಮೇಲೋ ಕೆಳಗೋ, ಗಾಳಿಯಾಡದ ಗಾಜಿನ ಬುರುಡೆಯೊಳಗಿತ್ತೋ ಬಯಲಲ್ಲಿತ್ತೋ, ದಿನಕ್ಕೆ ಎಷ್ಟು ತಾಸು ಉರಿಯುತ್ತಿತ್ತು, ಆರುವ ಮೊದಲು ಮಿಣುಕಿತೋ ಇಲ್ಲವೋ. ಮನೆಯ ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ. ಕಾಗದವಿಲ್ಲದೆ ತಂದ ಬಲ್ಬನ್ನು ನಾಳೆ ಬಿಚ್ಚುವುದಿಲ್ಲ.